ಕಪಾಟು ಸೇರುವ ಪ್ರಬಂಧಗಳು

ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ವಿಶ್ವವಿದ್ಯಾಲಯಗಳ ಪಕ್ಕದ ಜೆರಾಕ್ಸ್ ಅಂಗಡಿಗಳಿಗೆ ಬಿಡುವೇ ಇರುವುದಿಲ್ಲ. ರೆಕ್ಸಿನ್ ಹೊದಿಕೆ, ಮೇಲೆ ಬಂಗಾರ ಬಣ್ಣದ ಅಕ್ಷರ, ಒಳಗೆ ಎಂಬತ್ತೋ ನೂರೋ ಪುಟ. ಒಂದು ಪ್ರತಿ ವಿಭಾಗಕ್ಕೆ, ಒಂದು ಮಾರ್ಗದರ್ಶಕರಿಗೆ, ಇನ್ನೊಂದು ಮನೆಗೆ. ಮೌಖಿಕ ಪರೀಕ್ಷೆ ಮುಗಿದರೆ ವಿಭಾಗದ ಪ್ರತಿ ಕಪಾಟು ಸೇರುತ್ತದೆ. ಬಿಸಿಲಲ್ಲಿ ಊರೂರು ಅಲೆದು ಕಲೆಹಾಕಿದ ಮಾಹಿತಿಗೂ ಅಲ್ಲಿಗೇ ಬೀಗ ಬೀಳುತ್ತದೆ.

ಎಂ.ಎ. ಪ್ರಬಂಧದಲ್ಲಿ ಪ್ರಕಟಿಸುವಂಥದ್ದು ಏನಿರುತ್ತದೆ ಎನ್ನುವವರಿಗೆ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರೇ ಉತ್ತರ. ಬಾಂಬೆ ವಿಶ್ವವಿದ್ಯಾಲಯದಲ್ಲಿ ಜಿ.ಎಸ್. ಘುರ್ಯೆ ಅವರ ಮಾರ್ಗದರ್ಶನದಲ್ಲಿ ಎಂ.ಎ.ಗಾಗಿ ಅವರು ಬರೆದದ್ದೇ 1942ರಲ್ಲಿ 'ಮ್ಯಾರೇಜ್ ಅಂಡ್ ಫ್ಯಾಮಿಲಿ ಇನ್ ಮೈಸೂರ್' ಎಂಬ ಪುಸ್ತಕವಾಯಿತು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಕೊಡವರ ಕುರಿತು ನಡೆಸಿದ ಅಧ್ಯಯನ 1952ರಲ್ಲಿ ಅಚ್ಚಾಗಿ, ಕೆಳಜಾತಿಗಳು ಮೇಲ್ಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವ 'ಸಂಸ್ಕೃತೀಕರಣ'ದ ಪರಿಕಲ್ಪನೆ ಜಗತ್ತಿನ ಸಮಾಜಶಾಸ್ತ್ರಜ್ಞರ ಬಾಯಲ್ಲಿ ನೆಲೆಯಾಯಿತು. ಎಂ. ಚಿದಾನಂದಮೂರ್ತಿಯವರ ಪಿಎಚ್.ಡಿ. ಪ್ರಬಂಧ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' 1966ರಲ್ಲಿ ಪುಸ್ತಕವಾದದ್ದರಿಂದಲೇ ನಂತರದ ಶಾಸನ ಸಂಶೋಧಕರಿಗೆ ದಾರಿಯಾಯಿತು.

ಪುಸ್ತಕವಾಗದಿದ್ದರೂ ಪ್ರಬಂಧದಿಂದ ಒಂದು ಲೇಖನವಾದರೂ ಹೊರಡಬಹುದು. ಹಾಗೆಂದು ನೂರು ಪುಟವನ್ನು ಇದ್ದಂತೆಯೇ ಕಳಿಸಿದರೆ ಯಾವ ಸಂಶೋಧನಾ ಪತ್ರಿಕೆಯೂ ಒಪ್ಪುವುದಿಲ್ಲ. ಒಂದು ತಾಲ್ಲೂಕಿನ ಕೆರೆಗಳ ಮೇಲಿನ ಪ್ರಬಂಧ ಎಂದಿಟ್ಟುಕೊಳ್ಳಿ. ತಾಲ್ಲೂಕಿನ ಚರಿತ್ರೆ, ಮಳೆಯ ಕೋಷ್ಟಕ, ಪೂರ್ವಸೂರಿಗಳ ದೀರ್ಘ ಪರಿಚಯವೆಲ್ಲ ಕಳಚಬೇಕು. ಹೂಳೆತ್ತುವ ಹೊಣೆ ಊರಿನವರ ಕೈಯಿಂದ ಇಲಾಖೆಗೆ ಹೋದಾಗ ಏನಾಯಿತು ಎಂಬ ಒಂದೇ ಪ್ರಶ್ನೆಗೆ ಹದಿನೈದು ಪುಟದಲ್ಲಿ ಉತ್ತರ ಸಿಗಬೇಕು. ವಿಷಯ ತಜ್ಞರು ಓದಿ ತಿದ್ದುಪಡಿ ಕೇಳುತ್ತಾರೆ, ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಪದವಿಯ ಅಂಕಗಳಿಂದ ಸಿಗದ ಪಾಠ ಸಿಗುವುದು ಈ ತಿದ್ದುಪಡಿಯಲ್ಲೇ.

ಕಾಯಲಾರದವರನ್ನು ಹಿಡಿಯಲು ಬಲೆ ಬೀಸಿದವರಿದ್ದಾರೆ.

ಹಣ ಕಟ್ಟಿದರೆ ವಾರದೊಳಗೆ ಪ್ರಕಟಣೆ, ಜತೆಗೆ ಪ್ರಮಾಣಪತ್ರ ಎಂಬ ಸಂದೇಶ ವಾಟ್ಸ್‌ಆ್ಯಪ್‌ಗೇ ಬರುತ್ತದೆ. 2013ರಲ್ಲಿ 'ಸೈನ್ಸ್' ಪತ್ರಿಕೆಗಾಗಿ ಪತ್ರಕರ್ತ ಜಾನ್ ಬೊಹಾನನ್, ಕಲ್ಲುಹೂವಿನಿಂದ ಕ್ಯಾನ್ಸರ್ ಔಷಧ ಸಿಕ್ಕಿತೆಂಬ ಸುಳ್ಳು ಲೇಖನವನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದಾದ 304 ಮುಕ್ತ ಪತ್ರಿಕೆಗಳಿಗೆ ಕಳಿಸಿದ್ದರು. ಎದ್ದು ಕಾಣುವ ತಪ್ಪುಗಳಿದ್ದರೂ 157 ಪತ್ರಿಕೆಗಳು ಒಪ್ಪಿಕೊಂಡವು. ಅಂಥಲ್ಲಿ ಅಚ್ಚಾದ ಒಳ್ಳೆಯ ಸಂಶೋಧನೆಯೂ ಮರ್ಯಾದೆ ಕಳೆದುಕೊಳ್ಳುತ್ತದೆ.

ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ನಿಯಮವನ್ನು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) 2022ರಲ್ಲಿ ಕೈಬಿಟ್ಟಿತು. ಒಳ್ಳೆಯ ಪತ್ರಿಕೆಗಳನ್ನು ಗುರುತಿಸುತ್ತಿದ್ದ 'ಕೇರ್' ಪಟ್ಟಿಯನ್ನೂ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಒತ್ತಾಯ ಹೋದದ್ದು ಒಳ್ಳೆಯದೇ, ಆದರೆ ಪಟ್ಟಿಯೂ ಇಲ್ಲದಾಗ ಹೊಸಬರಿಗೆ ಕಾಳು ಯಾವುದು, ಜೊಳ್ಳು ಯಾವುದು ಎಂದು ಹೇಳಿಕೊಡುವವರು ಮಾರ್ಗದರ್ಶಕರೇ.

ಆದ್ದರಿಂದ ಅಧ್ಯಾಪಕರಲ್ಲಿ ಒಂದು ಕೋರಿಕೆ. ಮೌಖಿಕ ಪರೀಕ್ಷೆಯ ದಿನವೇ ವಿದ್ಯಾರ್ಥಿಯನ್ನು ಕೂರಿಸಿಕೊಂಡು, ಪ್ರಬಂಧದ ಯಾವ ಅಧ್ಯಾಯ ಲೇಖನವಾಗಬಲ್ಲದು, ಅದನ್ನು ಯಾವ ಪತ್ರಿಕೆಗೆ ಕಳಿಸಬೇಕು ಎಂದು ಹೇಳಿ ಕಳಿಸಿ.