ಬೇಸ್‌ಮೆಂಟಿಗೆ ಬಣ್ಣ ಬಳಿದರೆ ನೀರು ನಿಲ್ಲುತ್ತಾ ಸ್ವಾಮಿ?

ಬೆಂಗಳೂರಿನ ಹಳೇ ಅಪಾರ್ಟ್‌ಮೆಂಟುಗಳಲ್ಲಿ ಮಳೆಗಾಲ ಮುಗಿದ ಮೇಲೆ ಇನ್ನೊಂದು ಕಾಲ ಶುರುವಾಗುತ್ತೆ. ವಾಟರ್‌ಪ್ರೂಫಿಂಗ್ ಕಾಲ! ಬೇಸ್‌ಮೆಂಟಿನಲ್ಲಿ ಮೊಣಕಾಲುದ್ದ ನೀರು ನಿಂತು ಹೋಗಿರುತ್ತೆ, ಗೋಡೆ ಮೇಲೆ ಬಿಳಿ ಉಪ್ಪು ಎದ್ದಿರುತ್ತೆ. ಯಾರೋ ಒಬ್ಬರು ಡಬ್ಬ ಹಿಡಿದು ಬಂದು "ಹತ್ತು ವರ್ಷ ಗ್ಯಾರಂಟಿ ಸಾರ್" ಅಂತಾರೆ. ಸಂಘದ ಮೀಟಿಂಗಿನಲ್ಲಿ ಎಲ್ಲರೂ ಕೈ ಎತ್ತುತ್ತಾರೆ. ನಾನಿರೋ ಕಟ್ಟಡದಲ್ಲೂ ಹಾಗೇ ಆಯ್ತು. ನಾನು ಕೈ ಎತ್ತಲಿಲ್ಲ. ಯಾಕೆ ಅಂತ ಅಲ್ಲಿ ಹೇಳೋಕೆ ಬಿಡಲಿಲ್ಲ, ಇಲ್ಲಿ ಹೇಳ್ತೀನಿ ಕೇಳಿ :)

ಗೋಡೆಯ ಆಚೆ ಮಣ್ಣು ನೆನೆದು ನೀರು ತುಂಬಿಕೊಂಡರೆ, ಆ ನೀರಿನ ಮಟ್ಟದಿಂದ 1 ಮೀಟರ್ ಕೆಳಗೆ ಚದರ ಮೀಟರಿಗೆ ಸುಮಾರು 1 ಟನ್ ಒತ್ತಡ. 2 ಮೀಟರ್ ಕೆಳಗೆ 2 ಟನ್. ಹೊರಮೈಗೆ ಬಳಿದ ಪದರವನ್ನು ಈ ಒತ್ತಡ ಗೋಡೆಗೇ ಅದುಮುತ್ತೆ. ಒಳಮೈಗೆ ಬಳಿದಿದ್ದನ್ನು ಗೋಡೆಯಿಂದ ಕಿತ್ತು ಈಚೆಗೆ ತಳ್ಳುತ್ತೆ. ಅದಕ್ಕೇ ಎಪಾಕ್ಸಿ ಪೇಂಟು ಹಪ್ಪಳದ ಥರ ಉಬ್ಬಿ ಉದುರೋದು. ಇದು ಪಿಯುಸಿ ಫಿಸಿಕ್ಸು, ಇಂಜಿನಿಯರಿಂಗ್ ಕೂಡ ಬೇಕಿಲ್ಲ.

ಒಳಗಿನಿಂದ ಮಾಡೋದೆಲ್ಲ ಮೋಸ ಅಂತ ಹೇಳ್ತಿಲ್ಲ. ಕಾಂಕ್ರೀಟಿನ ಬಿರುಕಿಗೆ ಪಿಯು ಇಂಜೆಕ್ಷನ್ ಕೊಟ್ಟರೆ ನೀರು ನಿಲ್ಲುತ್ತೆ. ಕ್ರಿಸ್ಟಲೈನ್ ಲೇಪನ ಒಳ್ಳೆ ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಬೆಳೆದು ಮುಚ್ಚುತ್ತೆ. ಆದರೆ ನಮ್ಮ ಹಳೇ ಕಟ್ಟಡಗಳಲ್ಲಿ ಎಷ್ಟೋ ಕಡೆ ಇರೋದು ಸೈಜುಕಲ್ಲಿನ ಗೋಡೆ, ಸಂದಿಗೆಲ್ಲ ಗಾರೆ. ಒಂದು ಸಂದಿ ಮುಚ್ಚಿದ್ರೆ ನೀರು ಪಕ್ಕದ ಸಂದೀಲಿ ಬರುತ್ತೆ, ಅಷ್ಟೇ.

"ಹಾಗಾದ್ರೆ ಹೊರಗೆ ಅಗೀತೀರಾ? ಜಾಗ ಎಲ್ಲಿದೆ?" ಅಂದ್ರು ಖಜಾಂಚಿ ಅಂಕಲ್ಲು. ನ್ಯಾಯವಾದ ಪ್ರಶ್ನೆ. ಗೋಡೆಗೂ ಕಾಂಪೌಂಡಿಗೂ ಮಧ್ಯೆ ಇರೋದು ಒಬ್ಬ ಮನುಷ್ಯ ಅಡ್ಡಡ್ಡ ನಡೆಯೋವಷ್ಟು ಜಾಗ. ಅದಕ್ಕೇ ನಾನು ಹೇಳೋದು, ನೀರನ್ನ ತಡೀಬೇಡಿ, ದಾರಿ ಕೊಡಿ ಅಂತ. ಒಳಗೋಡೆಗುಂಟ ಒಂದು ಚರಂಡಿ, ಮೂಲೆಯಲ್ಲಿ ಗುಂಡಿ, ಅದರಲ್ಲಿ ಫ್ಲೋಟ್ ಸ್ವಿಚ್ ಇರೋ ಎರಡು ಪಂಪು. ಎರಡು ಯಾಕೆ? ಒಂದು ಕೆಡೋದು ಮಳೆ ರಾತ್ರೀಲೇ.

ಇಷ್ಟಕ್ಕೂ ನಮ್ಮಲ್ಲಿ ಆ ಮೊಣಕಾಲುದ್ದ ನೀರು ಗೋಡೆಯಿಂದ ಬಂದಿದ್ದೇ ಅಲ್ಲ ಮಾರಾಯ್ರೆ! ರಸ್ತೆಯಿಂದ ರ‍್ಯಾಂಪ್ ಮೇಲೆ ಹರಿದು ಬಂದಿದ್ದು. ಪ್ರತಿ ಸಲ ಡಾಂಬರು ಹಾಕಿದಾಗ ರಸ್ತೆ ಇನ್ನಷ್ಟು ಮೇಲೇರಿದೆ, ಕಟ್ಟಡ ಇದ್ದಲ್ಲೇ ಇದೆ. ರ‍್ಯಾಂಪಿನ ತಲೆಗೊಂದು ಉಬ್ಬು, ಬುಡಕ್ಕೊಂದು ಜಾಲರಿ ಮೋರಿ ಹಾಕಿ ಅಂದ್ರೆ "ಕಾರಿನ ಅಡಿ ತಾಗುತ್ತೆ" ಅಂತಾರೆ. ಗೋಡೆಗೆ ಪೇಂಟು ಹೊಡೆದು ಬಾಗಿಲು ತೆರೆದಿಡೋದು ಎಕ್ಸೆಪ್ಷನ್ ಕ್ಯಾಚ್ ಮಾಡಿ ಒಳಗೆ ಏನೂ ಬರೆಯದೇ ಬಿಟ್ಟ ಕೋಡಿನ ಥರ. ನನ್ನ ಕೆಲಸದಲ್ಲಿ ಅಂಥದ್ದು ರಿವ್ಯೂನಲ್ಲೇ ವಾಪಸ್ ಬರುತ್ತೆ.

ನನಗೆ ಸಿಟ್ಟು ಬರೋದು ದುಡ್ಡಿನ ವಿಚಾರಕ್ಕಲ್ಲ. 2025ರ ಮೇ 19ರಂದು ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟೊಂದರಲ್ಲಿ ಬೇಸ್‌ಮೆಂಟಿನ ಮಳೆನೀರು ಹೊರಹಾಕುವಾಗ ಕರೆಂಟ್ ಹೊಡೆದು ಇಬ್ಬರು ಸತ್ತರು. ಒಬ್ಬ ಇನ್ನೂ ಚಿಕ್ಕ ಹುಡುಗ. ನಮ್ಮಲ್ಲಿ ಮೀಟರ್ ಬೋರ್ಡು ಇರೋದೂ ಬೇಸ್‌ಮೆಂಟಿನಲ್ಲೇ, ಸೊಂಟದೆತ್ತರದಲ್ಲಿ. ವಾಚ್‌ಮನ್ ಸಂಸಾರ ಇರೋದೂ ಅಲ್ಲೇ, ರ‍್ಯಾಂಪಿನ ಪಕ್ಕದ ಕೋಣೆಯಲ್ಲಿ. ನೀರು ಬಂದಾಗ ಪಂಪಿನ ವೈರು ಹಿಡಿದು ಇಳಿಯೋದು ಮೂರನೇ ಮಹಡಿಯ ನಾವಲ್ಲ, ಅವನು. ಬೋರ್ಡನ್ನು ನೆಲಮಹಡಿಗೆ ಸಾಗಿಸಿ, ಪಂಪಿನ ಲೈನಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಹಾಕಿಸಿ, ಆ ಸಂಸಾರಕ್ಕೆ ಮೇಲೆ ಜಾಗ ಕೊಡಿ. ಪೇಂಟಿನ ಮಾತು ಆಮೇಲೆ.

ಬರೋ ಭಾನುವಾರದ ಮೀಟಿಂಗಿನ ಅಜೆಂಡಾ ನೋಟಿಸ್ ಬೋರ್ಡಿಗೆ ಬಂದಿದೆ. ಇವು ಮೂರರಲ್ಲಿ ಒಂದೂ ಇಲ್ಲ. ಗೋಡೆಗೆ ಬೂದು ಬಣ್ಣವೋ ತಿಳಿಹಸಿರೋ ಅನ್ನೋದು ಮಾತ್ರ ಮೊದಲನೇ ಐಟಂ.