ಆಷಾಢದ ಮಳೆ ಕೇಳದ ಒಳಾಂಗಣ

ಕಾಫಿ ಸೀಮೆಯಲ್ಲಿ ಕೈಗೆ ನಾಲ್ಕು ಕಾಸು ಬಂದರೆ ಮೊದಲು ಕೆಲಸ ಶುರುವಾಗುವುದು ಮನೆಗೆ. 2024ರ ಕೊನೆ ಮತ್ತು 2025ರ ಆರಂಭದಲ್ಲಿ ಕಾಫಿ ಧಾರಣೆ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಕಾಂಡಕೊರಕ, ಕೂಲಿ, ಬ್ಯಾಂಕ್ ಸಾಲ ಎಂದು ವರ್ಷಗಟ್ಟಲೆ ಮುಂದೂಡಿದ್ದ ಯೋಜನೆಗಳಿಗೆ ಆಗ ಜೀವ ಬಂತು. ಚಿಕ್ಕಮಗಳೂರಿನಿಂದ ಬಾಳೆಹೊನ್ನೂರಿಗೆ ಹೋಗುವ ದಾರಿಯ ಆಲ್ದೂರಿನ ಸೀಮೆಯಾಗಲಿ, ಮೂಡಿಗೆರೆ, ಕಳಸದ ಕಡೆಯಾಗಲಿ, ಅಜ್ಜನ ಕಾಲದ ಹೆಂಚಿನ ಮನೆ ಕೆಡವಿ ಆರ್‌ಸಿಸಿ ಎಬ್ಬಿಸುವ ಆಸೆ ಹಳೆಯದೇ. ಒಳಾಂಗಣದ ಹುಚ್ಚು ಮಾತ್ರ ಹೊಸದು.

ಈಗ ಮೊಬೈಲ್ ತೆರೆದರೆ ಕಾಣುವುದು ‘ವಾರ್ಮ್ ಮಿನಿಮಲಿಸಂ’. ಕಡಿಮೆ ಸಾಮಾನು, ಮಣ್ಣಿನ ಬಣ್ಣ, ಮರ, ಬೆತ್ತ, ಹತ್ತಿ ಬಟ್ಟೆ, ಕಣ್ಣಿಗೆ ಚುಚ್ಚದ ಬೆಳಕು. ಹತ್ತು ವರ್ಷದ ಹಿಂದಿನ ಮಿರುಗುವ ಗ್ರಾನೈಟ್, ಬಂಗಾರದ ಬಣ್ಣದ ಪರದೆಗಳಿಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ತೊಂದರೆ ಇರುವುದು ಅದು ಮಲೆನಾಡಿಗೆ ಬಂದು ಇಳಿಯುವ ರೀತಿಯಲ್ಲಿ. ಮರ ಎಂದರೆ ಮರದ ಚಿತ್ರ ಅಂಟಿಸಿದ ಎಂಡಿಎಫ್ ಹಲಗೆ. ಮಣ್ಣಿನ ಬಣ್ಣ ಎಂದರೆ ಡಬ್ಬಿಯ ಪ್ಲಾಸ್ಟಿಕ್ ಪೇಂಟ್. ತಲೆಯ ಮೇಲೆ ಜಿಪ್ಸಂ ಸೀಲಿಂಗ್, ಕಾಲ ಕೆಳಗೆ ವಿಟ್ರಿಫೈಡ್ ಟೈಲ್ಸ್.

ಜೂನ್ ಕಳೆದು ಮಳೆ ಹಿಡಿಯಲಿ, ಆಗ ನೋಡಬೇಕು. ವಾರಗಟ್ಟಲೆ ಬಿಸಿಲಿಲ್ಲದೆ ಗಾಳಿಯೇ ಒದ್ದೆಯಾದಾಗ ಮರದ ಪುಡಿ ಮತ್ತು ಅಂಟಿನಿಂದ ಮಾಡಿದ ಹಲಗೆ ನೀರು ಕುಡಿದು ಊದಿಕೊಳ್ಳುತ್ತದೆ. ಬೀರುವಿನ ಬಾಗಿಲು ಕೂರುವುದಿಲ್ಲ. ಹೊರಗೋಡೆಗೆ ಒತ್ತಿ ಕೂರಿಸಿದ ವಾರ್ಡ್‌ರೋಬಿನ ಹಿಂದೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ, ಮದುವೆಯ ರೇಷ್ಮೆ ಸೀರೆಗೂ ಹತ್ತುತ್ತದೆ. ಸೀಲಿಂಗಿನಲ್ಲಿ ಹಳದಿ ಕಲೆ ಹರಡುತ್ತದೆ. ಸೋರುವ ತಾರಸಿಯ ಮೇಲೆ ಎರಡೇ ವರ್ಷದಲ್ಲಿ ಕಬ್ಬಿಣದ ಕಂಬ ನೆಟ್ಟು ಶೀಟ್ ಹೊದಿಸುತ್ತಾರೆ. ಒಂದು ಮನೆಗೆ ಎರಡು ಸೂರಿನ ಖರ್ಚು! ಮಲೆನಾಡಿನ ರಸ್ತೆಯಲ್ಲಿ ಹೋಗುವವರಿಗೆ ಈ ನೀಲಿ ಶೀಟುಗಳ ಪರಿಚಯ ಮಾಡಿಕೊಡಬೇಕಾಗಿಲ್ಲ.

ಹಾಗೆಂದು ‘ಹಿರಿಯರದ್ದೆಲ್ಲ ಸರಿ’ ಎಂಬ ಭಜನೆ ಬೇಡ. ಮಂಗಳೂರು ಹೆಂಚೇ ಒಂದು ಕಾಲಕ್ಕೆ ಹೊಸ ಫ್ಯಾಷನ್ ಆಗಿತ್ತು. 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಅದು ಘಟ್ಟ ಹತ್ತಿ ಬಂದು ಹುಲ್ಲಿನ ಸೂರನ್ನು ಓಡಿಸಿತು. ಒಂದರೊಳಗೊಂದು ಕಚ್ಚಿಕೊಳ್ಳುವ ಅದರ ಅಂಚು ಗಾಳಿಮಳೆಗೆ ನೀರನ್ನು ಒಳಗೆ ಬಿಡುತ್ತಿರಲಿಲ್ಲ. ಅದಕ್ಕೇ ಜನ ಒಪ್ಪಿದರು. ವಿದೇಶದ್ದೋ ಸ್ವದೇಶದ್ದೋ ಎಂದು ಯಾರೂ ಕೇಳಲಿಲ್ಲ, ಮಳೆಗೆ ತಡೆಯುತ್ತದೆಯೇ ಎಂದಷ್ಟೇ ಕೇಳಿದರು. ಇವತ್ತು ಕೇಳದೇ ಇರುವ ಪ್ರಶ್ನೆ ಅದೊಂದೇ.

ಹಳೆ ಮನೆಗಳ ಕೆಂಪು ನೆಲವನ್ನೇ ನೋಡಿ. ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಹಸಿ ಇರುವಾಗಲೇ ಕರಣೆಯಲ್ಲಿ ಒತ್ತಿ ಒತ್ತಿ ಉಜ್ಜಬೇಕು. ಒಂದು ಕೋಣೆಯ ನೆಲ ಒಂದೇ ಪಟ್ಟಿಗೆ ಮುಗಿಯಬೇಕು. ಅರ್ಧ ಇವತ್ತು, ಅರ್ಧ ನಾಳೆ ಎಂದರೆ ನಡುವೆ ಗೆರೆ ಬಿತ್ತೆಂದೇ ಲೆಕ್ಕ. ಆಮೇಲೆ ದಿನಗಟ್ಟಲೆ ನೀರು ಕಟ್ಟಿ, ಒಣಗಿದ ಮೇಲೆ ಎಣ್ಣೆಯೋ ಮೇಣವೋ ಸವರಬೇಕು. ವರ್ಷ ಕಳೆದಂತೆ, ಕಾಲು ಸವೆಸಿದಂತೆ ಅದಕ್ಕೆ ಹೊಳಪು ಬರುತ್ತದೆ. ಸಾಮಾನಿನ ಖರ್ಚು ಹೆಚ್ಚಿಲ್ಲ, ಸಿಗದಿರುವುದು ಕೈ ಪಳಗಿದ ಗಾರೆಯವನು. ಅವನ ಮಗ ಟೈಲ್ಸ್ ಕೂರಿಸಲು ಹೋಗಿದ್ದಾನೆ.

ಕುಪ್ಪಳಿಯ ಕವಿಮನೆಗೆ ಹೋದವರು ಕಂಬ ಸವರಿ, ತೊಟ್ಟಿಯಲ್ಲಿ ನಿಂತು, ‘ಎಷ್ಟು ತಂಪು’ ಎಂದು ಉದ್ಗರಿಸಿ ಫೋಟೊ ತೆಗೆದುಕೊಳ್ಳುತ್ತಾರೆ. ಜನ ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಅಲ್ಲೂ ಇದೇ ಉದ್ಗಾರ. ಆದರೆ ಅಂಥ ಮನೆಗಳಲ್ಲಿ ಬದುಕಿದ ಹೆಂಗಸರನ್ನು ಕೇಳಿದರೆ ಕತ್ತಲೆ ಕೋಣೆ, ಹೊಗೆ ತುಂಬಿದ ಅಡುಗೆಮನೆ, ಉರಿಯುವ ಕಣ್ಣಿನ ಮಾತು ಮೊದಲು ಬರುತ್ತದೆ. ಆ ಹೊಗೆಗೂ ಒಂದು ಕೆಲಸವಿತ್ತು: ಅಟ್ಟದ ಮರ ಒಣಗಿಸಿ ಹುಳು ಬಾರದಂತೆ ಕಾಯುವುದು. ಗ್ಯಾಸ್ ಬಂದ ಮೇಲೆ ಹೊಗೆ ನಿಂತಿತು, ಮರಕ್ಕೆ ಹುಳು ಬಿತ್ತು. ಹಾಗಾಗಿ ಹಳೆ ಮನೆ ಉಳಿಸಿಕೊಳ್ಳುವವರು ಒಲೆ ಮರಳಿ ಹೂಡಬೇಕಿಲ್ಲ. ನಡುವೆ ನಾಲ್ಕು ಗಾಜಿನ ಹೆಂಚು, ಸೂರಿನಡಿ ಗಾಳಿಗಂಡಿ, ಮರಕ್ಕೆ ಹುಳುವಿನ ಔಷಧಿ, ದೊಡ್ಡ ಕಿಟಕಿ ಎಂದರೆ ಮುಕ್ಕಾಲು ಪಾಲು ಸರಿಯಾಗುತ್ತದೆ. ಪರದೆಗೆ, ದಿಂಬಿಗೆ ಬಟ್ಟೆ ಬೇಕಾದರೆ ಹೆಗ್ಗೋಡಿನ ‘ಚರಕ’ ಸಂಸ್ಥೆಯ ಹೆಣ್ಣುಮಕ್ಕಳು ನೇಯ್ದು, ಅಡಿಕೆ ಚೊಗರಿನ ಬಣ್ಣ ಕಟ್ಟಿದ ಕೈಮಗ್ಗದ ಹತ್ತಿ ಇದೆ.

ಇನ್ನೊಂದು ತಮಾಷೆ. ಬೆಂಗಳೂರಿನ ಅತಿಥಿಗಳು ಬಾಡಿಗೆ ಕೊಟ್ಟು ತಂಗುವ ಹೋಮ್‌ಸ್ಟೇಗೆ ಹೆಂಚು, ಕೆಂಪು ನೆಲ, ಬೆತ್ತದ ಕುರ್ಚಿ ಹಾಕಿದ ಜಗಲಿ. ಮಾಲೀಕರು ಮಲಗುವುದು ಪಕ್ಕದ ಹೊಸ ಮನೆಯ ಫಾಲ್ಸ್ ಸೀಲಿಂಗಿನ ಕೆಳಗೆ.

ಇಷ್ಟೆಲ್ಲ ಹೇಳುವಾಗ ತೋಟದ ಕಾರ್ಮಿಕರ ಲೈನ್ ಮನೆಗಳನ್ನು ಮರೆಯುವುದು ಅಪ್ರಾಮಾಣಿಕತೆ. ಒಂದೆರಡು ಕೋಣೆ, ಒಂದು ಹಗ್ಗದ ಮೇಲೆ ಇಡೀ ಸಂಸಾರದ ಬಟ್ಟೆ. ‘ಕಡಿಮೆ ಸಾಮಾನು’ ಅಲ್ಲಿ ಅಭಿರುಚಿಯಲ್ಲ, ಬಡತನ. 1951ರ ತೋಟ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳ ಮಾಲೀಕರ ಮೇಲೆ ಕಾರ್ಮಿಕರಿಗೆ ಮನೆ ಕೊಡುವ ಹೊಣೆ ಹೊರಿಸಿತು. ಧಾರಣೆ ಚೆನ್ನಾಗಿರುವಾಗ ಯಜಮಾನರ ಟಿವಿ ಗೋಡೆಗೆ ಹೋಗುವ ಹಣದಲ್ಲಿ ಲೈನಿನ ಸೋರುವ ಹೆಂಚು ಬದಲಾಗಬಹುದು, ಒಂದೊಂದು ಮನೆಗೂ ಗಾಳಿ ಬೆಳಕಿನ ಕಿಟಕಿ ಇಡಬಹುದು. ಒಳಾಂಗಣದ ಮಾತು ಅಲ್ಲಿಂದಲೇ ಶುರುವಾದರೆ ಒಳ್ಳೆಯದು.

ಈ ಬೇಸಿಗೆಯಲ್ಲಿ ಮನೆಗೆ ಕೈಹಾಕುವವರು ಡಿಸೈನರಿಗೆ ಮುಂಗಡ ಕೊಡುವ ಮೊದಲು, ಅವರೇ ಮಾಡಿಕೊಟ್ಟ ಮಲೆನಾಡಿನ ಮನೆಯೊಂದರ ವಿಳಾಸ ಕೇಳಿ. ಕಡೇ ಪಕ್ಷ ಎರಡು ಮಳೆಗಾಲ ಕಂಡ ಮನೆಯಾಗಿರಲಿ. ಹೋದಾಗ ಹಾಲ್ ನೋಡಬೇಡಿ. ಬೀರುವಿನ ಬಾಗಿಲು ತೆಗೆದು ಒಮ್ಮೆ ಮೂಸಿ ನೋಡಿ, ಆಮೇಲೆ ಚೆಕ್ ಬರೆಯಿರಿ.