ಹಿಮದ ದಾರಿ

ಹಿಮಾಲಯವೆಂದರೆ ಹಿಮದ ಮನೆ. ಆ ಮನೆಯ ಬಾಗಿಲನ್ನು ವರ್ಷವರ್ಷವೂ ಅಗೆದು ತೆರೆಯಬೇಕಾಗುತ್ತದೆ. ಕಾಶ್ಮೀರದಿಂದ ಲಡಾಖಿಗೆ ಹೋಗುವ ಜೋಜಿಲಾ ಘಟ್ಟವು 11,500 ಅಡಿಗೂ ಮಿಗಿಲಾದ ಎತ್ತರದಲ್ಲಿದೆ. 1960ರಲ್ಲಿ ಸ್ಥಾಪಿತವಾದ ಗಡಿ ರಸ್ತೆಗಳ ಸಂಸ್ಥೆಯವರು ಎರಡು ಕಡೆಗಳಿಂದಲೂ ಅಲ್ಲಿ ದಾರಿ ಬಿಡಿಸುತ್ತ ಬರುತ್ತಾರೆ. ಬುಲ್‌ಡೋಜರು ಹಿಮವನ್ನು ತಳ್ಳುತ್ತದೆ. ಮತ್ತೊಂದು ಯಂತ್ರವು ಅದನ್ನು ಕೊರೆದು ಕಾರಂಜಿಯಂತೆ ಪಕ್ಕಕ್ಕೆ ಚಿಮ್ಮುತ್ತದೆ. ಹಗಲೆಲ್ಲ ಬಿಡಿಸಿದ ದಾರಿಯನ್ನು ಒಂದು ಹಿಮಕುಸಿತವು ಕ್ಷಣಾರ್ಧದಲ್ಲಿ ಮುಚ್ಚಿಬಿಡುವುದೂ ಉಂಟು.

ನಮ್ಮ ನಾಡಿನ ಗೃಹಸ್ಥರೂ ಈಗ ಮಕ್ಕಳೊಡನೆ ಮನಾಲಿಗೂ ಗುಲ್ಮಾರ್ಗಕ್ಕೂ ಹೋಗುವುದರಿಂದ ಒಂದು ವಿಷಯವನ್ನು ಒತ್ತಿ ಹೇಳಬೇಕೆಂದು ನಮಗೆ ತೋರುತ್ತದೆ. ಜಾರುವ ಭಯವನ್ನು ಎಲ್ಲರೂ ಬಲ್ಲರು; ಮೆಲ್ಲನೆ ನಡೆಸುವುದು, ಫಕ್ಕನೆ ಬ್ರೇಕು ಒತ್ತದಿರುವುದು, ಚಕ್ರಗಳಿಗೆ ಸರಪಳಿ ತೊಡಿಸುವುದು, ಇವೆಲ್ಲ ಅಲ್ಲಿಯ ಚಾಲಕರಿಗೆ ಕರಗತ. ಆದರೆ ನಿಂತ ಗಾಡಿಯಲ್ಲಿಯೂ ಅಪಾಯವುಂಟು. 2022ರ ಜನವರಿಯಲ್ಲಿ ಪಾಕಿಸ್ತಾನದ ಮುರ್ರೀ ಗಿರಿಧಾಮದ ಬಳಿ ಹಿಮದಲ್ಲಿ ಸಿಕ್ಕಿಕೊಂಡ 20ಕ್ಕೂ ಹೆಚ್ಚು ಜನರು, ಎಳೆಯ ಮಕ್ಕಳ ಸಹಿತವಾಗಿ, ಮೃತರಾದರು. ಚಳಿಯೊಂದೇ ಅಲ್ಲ, ಗಾಡಿಯ ಹೊಗೆಯೂ ಕಾರಣವೆಂದು ಆಗ ವರದಿಯಾಯಿತು. ಬೆಚ್ಚಗಿರಲೆಂದು ಎಂಜಿನನ್ನು ನಡೆಸುತ್ತ ಕುಳಿತಾಗ ಹಿಂಬದಿಯ ಹೊಗೆಕೊಳವೆಯನ್ನು ಹಿಮವು ಮುಚ್ಚಿದರೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಒಳಹೊಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು ಬರುತ್ತದೆ, ಅನಂತರ ತೂಕಡಿಕೆ. ಮಲಗಿದ ಮಕ್ಕಳನ್ನು ಕಂಡು ತಾಯಿತಂದೆಗಳು ಪ್ರಯಾಣದ ಆಯಾಸವೆಂದೇ ಭಾವಿಸಿಯಾರು!

ಆದುದರಿಂದ ಮೊದಲು ಕೊಳವೆಯ ಬಾಯನ್ನು ಬಿಡಿಸತಕ್ಕದ್ದು. ಹಿಮ ಬೀಳುವವರೆಗೂ ಮತ್ತೆ ಮತ್ತೆ ಇಳಿದು ನೋಡತಕ್ಕದ್ದು. ಎಂಜಿನು ಆಗಾಗ ಸ್ವಲ್ಪ ಹೊತ್ತು ಮಾತ್ರ ನಡೆಯಲಿ, ಒಂದು ಕಿಟಕಿ ಬೆರಳಷ್ಟು ತೆರೆದಿರಲಿ. ಗಾಡಿಯಲ್ಲಿ ಕಂಬಳಿಗಳ ಜೊತೆಗೆ ಸಣ್ಣದೊಂದು ಸಲಿಕೆಯೂ ಬೇಕು. ಅದಕ್ಕೆ ಸ್ಥಳ ಸಾಲದಾದರೆ ಚಕ್ಕುಲಿಯ ಡಬ್ಬಗಳಲ್ಲಿ ಒಂದನ್ನು ವಸತಿಯಲ್ಲಿಯೇ ಬಿಟ್ಟುಹೋಗಬಹುದು.